ಮಣ್ಣುದಾರಿಯ ಸೈಕಲ್ ಸವಾರಿ: ನಿಮಗೆ ತಕ್ಕ ವೇಗ ಎಷ್ಟು?

ಶನಿವಾರ ಬೆಳಿಗ್ಗೆ ಮಗನೋ ಅಳಿಯನೋ ಕಾರಿನ ಹಿಂದೆ ಸೈಕಲ್‌ಗಳನ್ನು ಕಟ್ಟಿ, "ಬನ್ನಿ ಅಪ್ಪ, ಒಂದು ರೌಂಡ್ ಹೋಗಿಬರೋಣ" ಎಂದು ಕರೆಯುತ್ತಾರೆ. ಹೈಸ್ಕೂಲಿಗೆ ದಿನಾ ಸೈಕಲ್ ತುಳಿದವರು ನೀವು, ಹಿಂದೆಮುಂದೆ ನೋಡದೆ ಹೊರಡುತ್ತೀರಿ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅವರೆಲ್ಲ ಮುಂದೆ, ನೀವು ಹಿಂದೆ. ಮನೆಗೆ ಬಂದು ಮೊಬೈಲ್ ನೋಡಿದರೆ ಸರಾಸರಿ ವೇಗ ಗಂಟೆಗೆ 9 ಕಿಲೋಮೀಟರ್. ಶಿಬಿರಕ್ಕೆ ಬಿ.ಪಿ. ನೋಡಿಸಲು ಬರುವ ಹಿರಿಯರು ಕೊಂಚ ಸಂಕೋಚದಿಂದಲೇ ಕೇಳುವುದುಂಟು: "ನನ್ನ ವಯಸ್ಸಿಗೆ ಮರ್ಯಾದೆ ಉಳಿಯೋ ಸ್ಪೀಡ್ ಎಷ್ಟು?"

ಮೊದಲು ಒಂದು ಸಮಾಧಾನ. ಮಣ್ಣುದಾರಿಯಲ್ಲಿ 9 ಕಿಲೋಮೀಟರ್ ಕಡಿಮೆಯೇನಲ್ಲ. ದಾರಿ ಯಾವುದು ಎಂದು ಹೇಳದೆ ವೇಗ ಮಾತ್ರ ಹೇಳಿದರೆ ಅದಕ್ಕೆ ಅರ್ಥವೂ ಇಲ್ಲ. ನಮ್ಮ ಫ್ರೀಮಾಂಟ್‌ನ ಅಲಮೀಡ ಕ್ರೀಕ್ ದಾರಿಯನ್ನೇ ತೆಗೆದುಕೊಳ್ಳಿ. ನೈಲ್ಸ್‌ನಿಂದ ಕೊಲ್ಲಿಯವರೆಗೆ ಸುಮಾರು 12 ಮೈಲಿ, ಎಲ್ಲ ಸಮತಟ್ಟು. ತೊರೆಯ ದಕ್ಷಿಣ ದಂಡೆಯಲ್ಲಿ ಡಾಂಬರು, ಉತ್ತರ ದಂಡೆಯಲ್ಲಿ ಮಣ್ಣು. ಅದೇ ಕಾಲು, ಅದೇ ಸೈಕಲ್, ಆದರೂ ಮಣ್ಣಿನ ಕಡೆ ವೇಗ ತಾನಾಗಿ ಇಳಿಯುತ್ತದೆ. ಬೇಸಿಗೆಯ ಮಧ್ಯಾಹ್ನ ಕೊಲ್ಲಿಯಿಂದ ಬೀಸುವ ಎದುರುಗಾಳಿ ಸಿಕ್ಕಿದರೆ ಇನ್ನೂ ಇಳಿಯುತ್ತದೆ.

ಏರಿನ ಲೆಕ್ಕವೇ ಬೇರೆ. ನಿಮ್ಮ ತೂಕ 70 ಕೆ.ಜಿ., ಸೈಕಲ್ 15 ಕೆ.ಜಿ. ಎಂದಿಟ್ಟುಕೊಳ್ಳಿ. ಏರು ಹತ್ತುವುದೆಂದರೆ ಆ 85 ಕೆ.ಜಿ.ಯನ್ನು ಮೇಲಕ್ಕೆ ಎತ್ತುತ್ತಾ ಹೋಗುವುದು. ಅಲ್ಲಿ ವೇಗವನ್ನು ಎರಡು ಪಟ್ಟು ಮಾಡಿದರೆ ಕಾಲುಗಳ ಕೆಲಸವೂ ಹೆಚ್ಚುಕಡಿಮೆ ಎರಡು ಪಟ್ಟು, ಅದಕ್ಕೆ ರಕ್ತ ಒದಗಿಸಬೇಕಾದದ್ದು ಹೃದಯ. ಆದ್ದರಿಂದ ಏರಿನಲ್ಲಿ ಗಂಟೆಗೆ 5-6 ಕಿಲೋಮೀಟರ್, ಅಂದರೆ ನಡಿಗೆಯ ವೇಗ, ಸಾಕಷ್ಟಾಯಿತು. ಇಳಿದು ತಳ್ಳಿಕೊಂಡು ಹೋದರೂ ತಪ್ಪಿಲ್ಲ. 1976ರಲ್ಲಿ ಇಲ್ಲೇ ಮರಿನ್ ಕೌಂಟಿಯಲ್ಲಿ, ಮೌಂಟನ್ ಬೈಕಿನ ಹುಟ್ಟಿಗೆ ಕಾರಣವಾದ 'ರಿಪ್ಯಾಕ್' ಎಂಬ ಪಂದ್ಯ ಶುರುವಾಯಿತು. ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾಗಿ ಅದರೊಳಗಿನ ಗ್ರೀಸ್ ಸುಟ್ಟುಹೋಗುತ್ತಿತ್ತು, ಮತ್ತೆ ತುಂಬಬೇಕಾಗುತ್ತಿತ್ತು. ಹೆಸರು ಬಂದದ್ದು ಅದರಿಂದಲೇ. ಆ ಹುಡುಗರೂ ಎಷ್ಟೋ ಸಲ ಸೈಕಲ್‌ಗಳನ್ನು ಟ್ರಕ್ಕಿಗೆ ಹೇರಿಕೊಂಡು ಮೇಲೆ ಹೋಗುತ್ತಿದ್ದರು!

ಹಾಗಾದರೆ ಅಳೆಯುವುದು ಹೇಗೆ? ಮಾತಿನಿಂದ. ತುಳಿಯುತ್ತಲೇ ಮೊಮ್ಮಗಳಿಗೆ ಎರಡು ಪೂರ್ತಿ ವಾಕ್ಯ ಹೇಳಲು ಆಗಬೇಕು, ಆದರೆ ಹಾಡು ಹೇಳುವಷ್ಟು ಉಸಿರು ಉಳಿದಿರಬಾರದು. ಅದೇ ಹದವಾದ ವೇಗ. ಆರಾಮಾಗಿ ಹಾಡುತ್ತಿದ್ದರೆ ಸ್ವಲ್ಪ ಜೋರು ಮಾಡಬಹುದು. ಎರಡು ಮೂರು ಪದಕ್ಕೇ ಉಸಿರು ಕಟ್ಟುತ್ತಿದ್ದರೆ ಗೇರ್ ಇಳಿಸಿ, ಇಲ್ಲವೇ ನಿಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಹೇಳುವುದು ಈ ಹದದ ವ್ಯಾಯಾಮವನ್ನೇ, ನಡಿಗೆಯೂ ಅದರಲ್ಲಿ ಸೇರುತ್ತದೆ. ಎಲ್ಲವನ್ನೂ ಶನಿವಾರವೇ ಮುಗಿಸಬೇಕಿಲ್ಲ.

ಕೈಗೆ ಮಕ್ಕಳು ಕಟ್ಟಿದ ವಾಚು ನಾಡಿಬಡಿತ ತೋರಿಸುತ್ತದೆ ನಿಜ. 220ರಿಂದ ವಯಸ್ಸು ಕಳೆದರೆ ಗರಿಷ್ಠ ಬಡಿತ ಎಂಬ ಸೂತ್ರವೂ ನಿಮಗೆ ಗೊತ್ತಿರಬಹುದು. ಅದು ಅಂದಾಜು ಮಾತ್ರ. ಬಿ.ಪಿ.ಗೋ ಹೃದಯಕ್ಕೋ ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಹೊಂದುವುದೇ ಇಲ್ಲ. ಆ ಮಾತ್ರೆಯ ಕೆಲಸವೇ ಬಡಿತ ಏರದಂತೆ ತಡೆಯುವುದು. ವಾಚಿನಲ್ಲಿ 100 ಎಂದಿದ್ದರೂ ನೀವು ಆಗಲೇ ಸುಸ್ತಾಗಿರಬಹುದು. ಅಂಥವರು ವಾಚಿಗಿಂತ ಉಸಿರನ್ನು ನಂಬಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ, ಜೇಬಿನಲ್ಲಿ ಗ್ಲೂಕೋಸ್ ಇರಲಿ. ಕೈ ನಡುಗಿ ಬೆವರು ಬಂದರೆ ಅದನ್ನು ಬರೀ ಆಯಾಸ ಎಂದುಕೊಂಡು ತುಳಿಯುತ್ತಾ ಹೋಗಬೇಡಿ.

ಇಳಿಜಾರಿನ ಬಗ್ಗೆ ನಮಗೆ ಹೆಚ್ಚು ಚಿಂತೆ. ಏರಿನಲ್ಲಿ ದಣಿವು ಎಚ್ಚರಿಸುತ್ತದೆ, ಇಳಿಜಾರಿನಲ್ಲಿ ಎಚ್ಚರಿಸುವವರು ಯಾರೂ ಇಲ್ಲ. ಊರಿನ ಅನೇಕ ಸೈಕಲ್‌ಗಳಲ್ಲಿ ಬಲಗೈ ಬ್ರೇಕು ಮುಂದಿನ ಚಕ್ರದ್ದು. ಇಲ್ಲಿ ಸಾಮಾನ್ಯವಾಗಿ ಮುಂದಿನದು ಎಡಗೈಯಲ್ಲಿ! ಡಿಸ್ಕ್ ಬ್ರೇಕನ್ನಂತೂ ಒಂದು ಬೆರಳಿನಿಂದ ಒತ್ತಿದರೆ ಸಾಕು. ಗಾಬರಿಯಲ್ಲಿ ಹಳೆಯ ಅಭ್ಯಾಸದಂತೆ ಎಡಗೈ ಬಿಗಿಯಾಗಿ ಹಿಡಿದರೆ ತಲೆಕೆಳಗಾಗಿ ಬೀಳುತ್ತೀರಿ. ಹೊರಡುವ ಮುಂಚೆ ಪಾರ್ಕಿಂಗ್ ಜಾಗದಲ್ಲೇ ಐದು ನಿಮಿಷ ಬ್ರೇಕ್ ಹಿಡಿದು ಬಿಟ್ಟು ಅಭ್ಯಾಸ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರೂ ಮೂಳೆ ಸವೆದವರೂ ಕಲ್ಲುಬೇರುಗಳ ಕಿರುದಾರಿಯ ಗೋಜಿಗೇ ಹೋಗಬೇಡಿ, ಅಗಲವಾದ ದಾರಿಯೇ ಸಾಕು. ಕ್ಯಾಲಿಫೋರ್ನಿಯಾ ಕಾನೂನು ಹೆಲ್ಮೆಟ್ ಕಡ್ಡಾಯ ಮಾಡಿರುವುದು 18 ವರ್ಷದೊಳಗಿನವರಿಗೆ, ಆದರೆ ನಿಮ್ಮ ತಲೆ ಮೊಮ್ಮಗನ ತಲೆಗಿಂತ ಗಟ್ಟಿಯಲ್ಲ. ಪ್ರವಾಸಿ ವಿಮೆಯ ಹಲವು ಪಾಲಿಸಿಗಳಲ್ಲಿ ಹಳೆಯ ಕಾಯಿಲೆಗೆ ಪೂರ್ತಿ ರಕ್ಷಣೆ ಇರುವುದಿಲ್ಲ. ನಿಮ್ಮದರಲ್ಲಿ ಏನಿದೆ ಎಂದು ಇವತ್ತೇ ಮಕ್ಕಳಿಂದ ಓದಿಸಿ ಕೇಳಿ.

ಎಲ್ಲಕ್ಕಿಂತ ಕಷ್ಟ, ಮಗನಿಗೆ "ನಿಧಾನ ಹೋಗು" ಎನ್ನುವುದು. ಅವನ ಸ್ನೇಹಿತರ ಮುಂದೆ ಸುಸ್ತಾಯಿತು ಎನ್ನಲು ಬಾಯಿ ಬಾರದು. ಎದೆಯಲ್ಲಿ ಬಿಗಿತ ಬಂದರೂ "ಗ್ಯಾಸು ಅಷ್ಟೇ" ಎಂದು ಸುಮ್ಮನಾಗುವವರಿದ್ದಾರೆ. ಎದೆ ಬಿಗಿತ, ಎಡತೋಳಿಗೋ ದವಡೆಗೋ ಹರಡುವ ನೋವು, ತಲೆಸುತ್ತು, ಇವುಗಳಲ್ಲಿ ಯಾವುದಾದರೂ ಬಂದರೆ ತಕ್ಷಣ ನಿಂತು ಬಾಯಿಬಿಟ್ಟು ಹೇಳಿ, 911ಕ್ಕೆ ಫೋನ್ ಮಾಡಿಸಿ. ಖರ್ಚಿನ ಮಾತು ಆಮೇಲೆ.

ಹೊರಡುವಾಗಲೇ ಒಂದು ಒಪ್ಪಂದ ಮಾಡಿಕೊಳ್ಳಿ: ಮುಂದೆ ನೀವು, ಹಿಂದೆ ಮಗ. ಗುಂಪಿನ ವೇಗ ಆಗ ನಿಮ್ಮದೇ. ಬೆಳಿಗ್ಗೆಯೇ ಹೊರಡಿ, ಒಬ್ಬೊಬ್ಬರಿಗೂ ಒಂದು ಬಾಟಲಿ ನೀರು ಇರಲಿ. ಮೊದಲ ಸಲ ಹದಿನೈದು ನಿಮಿಷ ಹೋಗಿ, ಅಲ್ಲಿಂದಲೇ ತಿರುಗಿ ಬನ್ನಿ. ಮರುದಿನ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಮೊಣಕಾಲು ನೋಯದಿದ್ದರೆ ಮುಂದಿನ ವಾರ ಇಪ್ಪತ್ತು ನಿಮಿಷ ಮಾಡಿ.