ಮುಪ್ಪಿನಲ್ಲೂ ನಮ್ಮ ಮನೆ

ಮುಪ್ಪು ಯಾರಿಗೂ ತಪ್ಪಿದ್ದಲ್ಲ. ವಯಸ್ಸಾದ ಮೇಲೆ ಎಲ್ಲಿ ಇರಬೇಕು? ಊರಿನ ಹಿರಿಯರನ್ನು ಕೇಳಿ ನೋಡಿ. "ನನ್ನ ಮನೇಲೇ ಇರ್ತೀನಮ್ಮ" ಅಂತಾರೆ.

ಇದು ಬರೀ ಹಟ ಅಲ್ಲ. ನಲವತ್ತು ವರ್ಷ ಬಾಳಿದ ಮನೆ ಅದು. ಕಣ್ಣು ಮಂಜಾದರೂ ಕಾಲಿಗೆ ದಾರಿ ಗೊತ್ತು. ಜಗುಲಿಯಲ್ಲಿ ಕೂತರೆ ಹೋಗಿಬರುವವರು "ಊಟ ಆಯ್ತಾ?" ಅಂತ ಕೇಳ್ತಾರೆ. ಒಂದು ದಿನ ಕಾಣದಿದ್ದರೆ ಪಕ್ಕದ ಮನೆಯವರು ಬಂದು ನೋಡ್ತಾರೆ. ಹೊಸ ಊರಿನಲ್ಲಿ ಇದು ಸುಲಭವಾಗಿ ಸಿಗುವುದಿಲ್ಲ. ಮರೆವು ಇರುವವರಿಗಂತೂ ಹೊಸ ಜಾಗದಲ್ಲಿ ಗಾಬರಿ ಹೆಚ್ಚು.

ಹಾಗಂತ ಅವರನ್ನು ಒಂಟಿಯಾಗಿ ಬಿಡಬಾರದು. ಮನೆಯನ್ನು ಅವರಿಗೆ ಹೊಂದಿಸಬೇಕು.

ಮೊದಲು ಬಚ್ಚಲು ನೋಡೋಣ. ವಯಸ್ಸಾದವರ ಮೂಳೆ ಸವೆದಿರುತ್ತದೆ. ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ ಎಷ್ಟೋ ಜನ ಮತ್ತೆ ಮೊದಲಿನಂತೆ ನಡೆಯುವುದಿಲ್ಲ. ಆದ್ದರಿಂದ ಪಾಚಿ ಉಜ್ಜಿ ತೆಗೆಯಿರಿ. ಗೋಡೆಗೆ ಗಟ್ಟಿ ಹಿಡಿಕೆ ಹಾಕಿಸಿ. ರಾತ್ರಿ ಒಂದು ಸಣ್ಣ ದೀಪ ಉರಿಯಲಿ. ನಡೆಯುವ ದಾರಿಯಲ್ಲಿ ಹರಿದ ಚಾಪೆ, ಗೋಣಿಚೀಲ ಬೇಡ. ಕಣ್ಣಿಗೆ ಪೊರೆ ಬಂದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಅಲ್ಲಿ ಉಚಿತವಾಗಿ ಪೊರೆ ತೆಗೆಯುತ್ತಾರೆ.

ಇಷ್ಟೆಲ್ಲ ಸೊಸೆ ಒಬ್ಬಳೇ ಮಾಡಬೇಕೇ? ಬೇಡ. ಅಜ್ಜನಿಗೆ ಮಾತ್ರೆ ಕೊಡುವುದು, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು ಗಂಡಸರ ಕೆಲಸವೂ ಹೌದು.

ಇನ್ನೊಂದು ಮುಖ್ಯ ಮಾತು. ಮನೆ ಯಾರ ಹೆಸರಿನಲ್ಲಿದೆ? "ಇಲ್ಲೊಂದು ಹೆಬ್ಬೆಟ್ಟು ಒತ್ತಮ್ಮ" ಅಂದ ಕೂಡಲೇ ಒತ್ತಿ, ಇದ್ದ ಮನೆ ಕಳೆದುಕೊಂಡವರು ಇದ್ದಾರೆ.

ಹಿರಿಯ ನಾಗರಿಕರಿಗಾಗಿ 2007ರಲ್ಲಿ ಒಂದು ಕಾನೂನು ಬಂತು. 60 ವರ್ಷ ತುಂಬಿದವರಿಗೆಲ್ಲ ಅದು ಅನ್ವಯಿಸುತ್ತದೆ. ದುಡಿಯಲಾಗದ ತಂದೆತಾಯಿಯನ್ನು ಮಕ್ಕಳು ನೋಡಿಕೊಳ್ಳದಿದ್ದರೆ ಅವರು ಉಪವಿಭಾಗಾಧಿಕಾರಿಗೆ, ಅಂದರೆ ಏ.ಸಿ. ಸಾಹೇಬರಿಗೆ, ಅರ್ಜಿ ಕೊಡಬಹುದು. ಮನೆಯನ್ನು ಮಗನಿಗೋ ಮಗಳಿಗೋ ದಾನಪತ್ರ ಮಾಡಿಕೊಡುವಾಗ "ನನ್ನನ್ನು ನೋಡಿಕೊಳ್ಳಬೇಕು" ಎಂಬ ಷರತ್ತು ಬರೆಸಬೇಕು. ಆಮೇಲೆ ಅವರು ನೋಡಿಕೊಳ್ಳದಿದ್ದರೆ ಆ ಪತ್ರ ರದ್ದು ಮಾಡಿಸಲು ಈ ಕಾನೂನಿನಲ್ಲಿ ದಾರಿ ಇದೆ.

ಆ ಷರತ್ತು ಪತ್ರದಲ್ಲಿ ಇದೆಯೋ ಇಲ್ಲವೋ? ಯಾರನ್ನೂ ಕೇಳಬೇಕಾಗಿಲ್ಲ. ಈಗ ನಮಗೆ ಓದಲು ಬರುತ್ತದೆ. ಪೂರ್ತಿ ಓದೋಣ. ತಿಳಿಯದ ಮಾತು ಕೇಳಿ ತಿಳಿಯೋಣ. ಆಮೇಲೆ ನಮ್ಮ ಕೈಯಾರೆ ಸಹಿ ಹಾಕೋಣ. ಅತ್ತೆಯ ಪತ್ರವನ್ನೂ ಅವರಿಗೆ ಓದಿ ಹೇಳೋಣ.

ತೊಂದರೆ ಬಂದರೆ 14567 ಹಿರಿಯರ ಸಹಾಯವಾಣಿ. ಕರೆಗೆ ದುಡ್ಡು ಬೇಕಿಲ್ಲ. ಈ ಅಂಕಿಗಳನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ.