ಸ್ನೇಹ ಸಮ್ಮೇಳನದ ಮಂಟಪದಲ್ಲಿ ಕೌದಿ, ಮಗ್ಗ, ಅಕ್ಷರ

ಗಡಿನಾಡಿನ ಕನ್ನಡ ಶಾಲೆಗಳ ವಾರ್ಷಿಕ ಸ್ನೇಹ ಸಮ್ಮೇಳನದ ಮಂಟಪಗಳು ಈಚೆಗೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತವೆ. ವೇದಿಕೆಯ ಹಿಂದೆ ಅತಿಥಿಗಳ ಮುಖಗಳಿಂದ ತುಂಬಿದ ಫ್ಲೆಕ್ಸ್, ಅದರ ಎರಡೂ ಬದಿಗೆ ಬಲೂನಿನ ಕಮಾನು, ಥರ್ಮೊಕೋಲಿನಲ್ಲಿ ಕತ್ತರಿಸಿ ಅಂಟಿಸಿದ ಸ್ವಾಗತದ ಅಕ್ಷರಗಳು. ಈ ಮಂಟಪವು ನಾರಾಯಣಪೇಟೆಯದೋ ಹೈದರಾಬಾದಿನ ಯಾವುದೋ ಬಡಾವಣೆಯದೋ ಎಂದು ನೋಡಿದವರಿಗೆ ತಿಳಿಯದು. ಕನ್ನಡವು ಫ್ಲೆಕ್ಸಿನ ಒಂದು ಸಾಲಿನಲ್ಲಿ ಮಾತ್ರ ಉಳಿದಿರುತ್ತದೆ. ಕನ್ನಡ ಬಾರದ ಅಚ್ಚಿನ ಅಂಗಡಿಯಲ್ಲಿ ಜೋಡಿಸಿದ ಆ ಸಾಲಿನಲ್ಲಿಯೂ ಒಂದೆರಡು ಒತ್ತಕ್ಷರಗಳು ಬಿದ್ದುಹೋಗಿರುವುದುಂಟು.

ಇದನ್ನು ಕೇವಲ ಅಂದಚಂದದ ಮಾತೆಂದು ತಳ್ಳಿಹಾಕುವಂತಿಲ್ಲ. ವರ್ಷದಲ್ಲಿ ಈ ಒಂದು ಸಂಜೆ ಮಾತ್ರ ಊರಿನ ಎಲ್ಲರೂ ಕನ್ನಡ ಶಾಲೆಯ ಅಂಗಳಕ್ಕೆ ಬರುತ್ತಾರೆ. ತೆಲುಗು ಮನೆಮಾತಿನ ನೆರೆಯವರು, ಮಂಡಲದ ಅಧಿಕಾರಿಗಳು, ಹಳೆಯ ವಿದ್ಯಾರ್ಥಿಗಳು ಬರುತ್ತಾರೆ. ಮುಂದಿನ ಜೂನಿನಲ್ಲಿ ಮಗುವನ್ನು ಯಾವ ಮಾಧ್ಯಮಕ್ಕೆ ಸೇರಿಸಬೇಕೆಂದು ಇನ್ನೂ ತೂಗಿ ನೋಡುತ್ತಿರುವ ತಂದೆತಾಯಿಗಳೂ ಬರುತ್ತಾರೆ. ‘ಬಡಿ ಬಾಟ’ದ ದಿನಗಳಲ್ಲಿ ಶಿಕ್ಷಕರು ಮನೆಮನೆಗೆ ಹೋಗಿ ಹೇಳುವ ಮಾತಿಗಿಂತ ಅಂದು ಅವರು ಕಣ್ಣಾರೆ ಕಂಡದ್ದೇ ಹೆಚ್ಚು ಕಾಲ ಮನಸ್ಸಿನಲ್ಲಿ ನಿಲ್ಲುತ್ತದೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ, ನಿಜ. ಆದರೆ ತರಗತಿಯಲ್ಲಿ ಕುಳಿತುಕೊಳ್ಳಲು ಮಕ್ಕಳಿದ್ದರೆ ಮಾತ್ರ ಆ ವಿಧಿಗೆ ಅರ್ಥ.

ಮೊದಲು ಕಾನೂನಿನ ಒಂದು ಸಂಗತಿಯನ್ನು ಹೇಳಿಬಿಡಬೇಕು; ಅನೇಕ ಶಾಲೆಗಳು ಇದನ್ನು ಗಮನಿಸಿದಂತಿಲ್ಲ. 2022ರ ಜುಲೈ 1ರಿಂದ ಅಲಂಕಾರಕ್ಕೆ ಬಳಸುವ ಥರ್ಮೊಕೋಲು, ಬಲೂನಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕಡ್ಡಿ, ಪ್ಲಾಸ್ಟಿಕ್ ಬಾವುಟ, 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರು, ಪ್ಲಾಸ್ಟಿಕ್ ತಟ್ಟೆ ಲೋಟಗಳು ದೇಶದಾದ್ಯಂತ ನಿಷಿದ್ಧವಾಗಿವೆ. ಪರಿಸರದ ಪಾಠ ಹೇಳುವ ಶಾಲೆಯ ವೇದಿಕೆಯಲ್ಲಿ ಇವೇ ರಾರಾಜಿಸುವುದು ವಿಚಿತ್ರ. ಇವನ್ನೆಲ್ಲ ತೆಗೆದ ಮೇಲೆ ಉಳಿಯುವ ಬರಿದಾದ ಗೋಡೆಯನ್ನು ಏನಿಂದ ತುಂಬಬೇಕು ಎಂಬುದು ಮುಂದಿನ ಪ್ರಶ್ನೆ.

ದೊಡ್ಡ ಕಂಪನಿಗಳು ಹೈದರಾಬಾದಿನಲ್ಲಿ ನಡೆಸುವ ಉತ್ಪನ್ನ ಬಿಡುಗಡೆಯ ಸಮಾರಂಭಗಳಿಗೆ ಲಕ್ಷಗಟ್ಟಲೆ ಸುರಿಯುತ್ತಾರೆ. ಅವುಗಳನ್ನು ಏರ್ಪಡಿಸುವವರು ಕಂಡುಕೊಂಡ ಒಂದು ಮರ್ಮವನ್ನು ಬಡ ಶಾಲೆಯೂ ಎರವಲು ಪಡೆಯಬಹುದು. ಬಂದವನು ಬರಿದೇ ಕುಳಿತು ನೋಡಬಾರದು. ತನ್ನ ಕೈಯಿಂದ ಏನನ್ನಾದರೂ ಮಾಡಬೇಕು. ಕೈ ತೊಡಗಿದ ಕೆಲಸವು ನೆನಪಿನಲ್ಲಿ ಉಳಿಯುತ್ತದೆ, ಅದನ್ನು ಮಾಡಿಸಿದವರ ಹೆಸರೂ ಉಳಿಯುತ್ತದೆ. ಅವರು ಇದಕ್ಕೆ ಯಂತ್ರಗಳನ್ನೂ ಬೆಳಕಿನ ಗೋಡೆಗಳನ್ನೂ ತರಿಸುತ್ತಾರೆ. ನಾರಾಯಣಪೇಟೆ, ಗದ್ವಾಲಗಳಲ್ಲಿ ಅದಕ್ಕೆ ಬೇಕಾದದ್ದು ಓಣಿಯಲ್ಲಿಯೇ ಇದೆ.

ಈ ಎರಡೂ ಊರುಗಳ ಹೆಸರು ದೇಶಕ್ಕೆ ಗೊತ್ತಿರುವುದು ಸೀರೆಗಳಿಂದ. ನಾರಾಯಣಪೇಟೆಯ ಸೀರೆ ಎಂದರೆ ಚೌಕಳಿಯ ಒಡಲು, ಎದ್ದು ಕಾಣುವ ಬೇರೆ ಬಣ್ಣದ ಅಂಚು, ಆ ಅಂಚಿನಲ್ಲಿ ಸಾಲಾಗಿ ನಿಂತ ಗೋಪುರದ ಮೊನೆಗಳು. ಗದ್ವಾಲದ ಸೀರೆಯ ಒಡಲು ಹತ್ತಿಯದು, ಅಂಚು ಮತ್ತು ಸೆರಗು ರೇಷ್ಮೆಯವು. ಬೇರೆ ಬೇರೆ ನೂಲಿನ ಈ ಭಾಗಗಳನ್ನು ಮಗ್ಗದ ಮೇಲೆಯೇ ಎಳೆಗೆ ಎಳೆ ಸಿಕ್ಕಿಸಿ ಕೂಡಿಸುವ ಕೌಶಲಕ್ಕೆ ‘ಕುಟ್ಟು’ ಎನ್ನುತ್ತಾರೆ. ಇಂಥ ಊರಿನ ಶಾಲೆಯು ತನ್ನ ವೇದಿಕೆಗೆ ಹೊಳೆಯುವ ನೈಲಾನ್ ಪರದೆಯನ್ನು ಬಾಡಿಗೆಗೆ ತರುವುದು ಹಿತ್ತಲಲ್ಲಿ ಮಾವಿನ ಮರವಿದ್ದವರು ತೋರಣವನ್ನು ಅಂಗಡಿಯಲ್ಲಿ ಕೊಂಡಂತೆ.

ಒಂದು ಸುಲಭದ ಉಪಾಯವಿದೆ. ಮಂಟಪದ ಬಾಗಿಲ ಬಳಿ ನಾಲ್ಕು ಅಡಿ ಅಗಲದ ಮರದ ಚೌಕಟ್ಟಿಗೆ ಬಣ್ಣದ ಕಾಗದದ ಉದ್ದ ಪಟ್ಟಿಗಳನ್ನು ಹಾಸಾಗಿ ಬಿಗಿಯುವುದು. ಬಂದ ಪ್ರತಿಯೊಬ್ಬರಿಗೂ ಒಂದು ಅಡ್ಡ ಪಟ್ಟಿ ಕೊಟ್ಟು, ಅದರ ಮೇಲೆ ಅವರ ಹೆಸರನ್ನು ಕನ್ನಡದಲ್ಲಿ ಬರೆಸಿ, ಒಂದು ಎಳೆಯ ಮೇಲೆ, ಒಂದು ಎಳೆಯ ಕೆಳಗೆ ಹೊಕ್ಕಾಗಿ ನೇಯಿಸುವುದು. ಕನ್ನಡ ಬರೆಯಲು ಬಾರದವರ ಹೆಸರನ್ನು ನಾಲ್ಕನೆಯ ತರಗತಿಯ ಮಗು ಬರೆದುಕೊಡುತ್ತದೆ. ಊರಿನ ದೊಡ್ಡವರು ಚಿಕ್ಕ ಹುಡುಗಿಯ ಮುಂದೆ ನಿಂತು ತಮ್ಮ ಹೆಸರಿನ ಕಾಗುಣಿತವನ್ನು ಹೇಳುವ ಆ ಗಳಿಗೆ ಯಾವ ಭಾಷಣಕ್ಕಿಂತಲೂ ಮೇಲು. ನೇಕಾರ ಮನೆತನದ ಮಕ್ಕಳು ಶಾಲೆಯಲ್ಲಿದ್ದರೆ ಹಾಸು, ಹೊಕ್ಕು, ಲಾಳಿ, ಕುಣಿಮಗ್ಗ ಎಂಬ ಪದಗಳನ್ನು ವಿವರಿಸುವ ಕೆಲಸ ಅವರದಾಗಲಿ. ತಮ್ಮ ಮನೆಯ ಕಸುಬಿನ ಮಾತು ಆ ಮಕ್ಕಳಿಗೆ ಗೌರವದ ಮಾತಾಗುವ ಸಂದರ್ಭಗಳು ಹೆಚ್ಚಿಲ್ಲ.

ವೇದಿಕೆಯ ಹಿಂದಿನ ಪರದೆಗೆ ಕೌದಿಗಿಂತ ಒಳ್ಳೆಯದು ಇನ್ನಾವುದೂ ಇಲ್ಲ. ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಒಂದರ ಮೇಲೊಂದು ಹರಡಿ, ದಪ್ಪ ದಾರದಿಂದ ಸಾಲುಹೊಲಿಗೆ ಹಾಕಿ ಹೊದಿಕೆ ಮಾಡುವ ಈ ವಿದ್ಯೆ ಉತ್ತರ ಕರ್ನಾಟಕದಲ್ಲಿ ಅಜ್ಜಿಯರ ಕೈಯಲ್ಲಿ ಬಂದದ್ದು. ಗಡಿಯ ಈಚೆಗೂ ಇದು ಹೊಸದಲ್ಲ. ಪ್ರತಿ ಮನೆಯಿಂದ ಒಂದು ಗೇಣು ಬಟ್ಟೆಯನ್ನು ಒಂದು ತಿಂಗಳು ಮೊದಲೇ ಕೂಡಿಸಬೇಕು. ನಾರಾಯಣಪೇಟೆಯ ಚೌಕಳಿ, ಇಳಕಲ್ಲಿನ ಅಂಚು, ಬಾಣಂತಿಗೆ ಹೊದಿಸಿದ ಮೆತ್ತನೆಯ ಹತ್ತಿ ಎಲ್ಲವೂ ಬರುತ್ತವೆ. ಶನಿವಾರದ ಮಧ್ಯಾಹ್ನಗಳಲ್ಲಿ ಅಜ್ಜಿಯರು, ತಾಯಂದಿರು ಶಾಲೆಯ ಪಡಸಾಲೆಯಲ್ಲಿ ಕುಳಿತು ಹೊಲಿಯುತ್ತಾರೆ. ಮಕ್ಕಳು ಸೂಜಿಗೆ ದಾರ ಪೋಣಿಸುತ್ತಾರೆ. ವೇದಿಕೆಗೆ ಸಾಕಾಗುವಷ್ಟು ದೊಡ್ಡ ಕೌದಿ ಬಲು ಭಾರವಾಗುವುದರಿಂದ ಆರೇಳು ತುಂಡುಗಳಾಗಿ ಹೊಲಿದು, ಮೇಲಂಚಿನಲ್ಲಿ ಬಿದಿರಿನ ಗಳ ತೂರಿಸಲು ಜಾಗ ಬಿಟ್ಟು, ಪಕ್ಕಪಕ್ಕದಲ್ಲಿ ತೂಗುಹಾಕುವುದು ವಾಸಿ. ಪ್ರತಿ ವರ್ಷ ಒಂದು ತುಂಡು ಸೇರಿಸುತ್ತ ಹೋಗಲೂ ಇದರಿಂದ ಅನುಕೂಲ.

ಅಕ್ಷರದ ಅಂಗಡಿ ಎಂಬ ಮೂಲೆಯೊಂದನ್ನು ತೆರೆಯುವುದು ತೆಲುಗು ಬಲ್ಲ ನೆರೆಯವರಿಗಾಗಿ. ಎರಡೂ ಭಾಷೆಗಳ ಲಿಪಿಗಳು ಕದಂಬರ, ಬಾದಾಮಿ ಚಾಲುಕ್ಯರ ಕಾಲದ ಒಂದೇ ಬರಹದಿಂದ ಕವಲೊಡೆದವು. ಗದ್ವಾಲಕ್ಕೆ ಸಮೀಪದ ಆಲಂಪುರದಲ್ಲಿ ನವಬ್ರಹ್ಮ ದೇವಾಲಯಗಳನ್ನು ಕಟ್ಟಿಸಿದವರೂ ಅದೇ ಚಾಲುಕ್ಯರು. ಗ, ದ, ನ, ಮ, ರ, ಲ ಅಕ್ಷರಗಳಲ್ಲಿ ತಲಕಟ್ಟಿನ ಹೊರತು ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಕ, ತ, ಶ ಇವು ಬೇರೆ ದಾರಿ ಹಿಡಿದಿವೆ. ರಟ್ಟಿನ ಚೀಟಿಗಳ ಒಂದು ಮುಖದಲ್ಲಿ ಕನ್ನಡದ ಅಕ್ಷರ, ಇನ್ನೊಂದರಲ್ಲಿ ತೆಲುಗಿನದು. ಮೊದಲು ‘ನಗರ’, ‘ಮರ’ದಂಥ ಪದಗಳನ್ನು ಓದಿಸಬೇಕು, ಆಮೇಲೆ ಕಷ್ಟದವನ್ನು. ಐದು ನಿಮಿಷದಲ್ಲಿ ತಾನು ಕನ್ನಡ ಓದಿದೆನೆಂದು ತೆಲುಗಿನವರೊಬ್ಬರು ಬೆರಗಾಗುವುದನ್ನು ಮಕ್ಕಳು ನೋಡಬೇಕು. ಅಲ್ಲಿ ನಿಲ್ಲುವ ಮಕ್ಕಳಿಗೆ ಎರಡೂ ಬರುತ್ತವೆ. 2018ರ ಕಾಯ್ದೆಯಂತೆ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಲಿಕೆ ಕಡ್ಡಾಯ. ಕನ್ನಡ ಮಾಧ್ಯಮಕ್ಕೆ ಸೇರಿಸಿದರೆ ಮಗುವಿಗೆ ರಾಜ್ಯದ ಭಾಷೆ ಬಾರದೆ ಹೋದೀತೆಂಬ ಪಾಲಕರ ಅಂಜಿಕೆಗೆ ಈ ಮೂಲೆಯಲ್ಲಿಯೇ ಉತ್ತರ ಸಿಗುತ್ತದೆ.

ಅಂಗಳದ ರಂಗೋಲಿಯಲ್ಲಿ ನವಿಲು, ಕಮಲಗಳ ಬದಲು ನಾಡಿನ ನಕಾಶೆ ಬಿಡಿಸಬಹುದು. ನೀಲಿ ಪುಡಿಯಲ್ಲಿ ಕೃಷ್ಣೆ, ಮಕ್ತಲ್ ಕಡೆಯಲ್ಲಿ ಅವಳನ್ನು ಕೂಡುವ ಭೀಮೆ, ಕೆಳಗೆ ತುಂಗಭದ್ರೆ, ಕೃಷ್ಣೆ ತುಂಗಭದ್ರೆಯರ ನಡುವೆ ನಡಿಗಡ್ಡ ಎನಿಸಿಕೊಂಡ ಗದ್ವಾಲದ ಸೀಮೆ. ಅದರ ಪಕ್ಕದಲ್ಲಿ ರಾಯಚೂರು. ಬಂದವರು ತಮ್ಮ ಊರು ಇರುವಲ್ಲಿ ಒಂದು ಹಣತೆಯನ್ನೋ ಒಂದು ಹಿಡಿ ಜೋಳವನ್ನೋ ಇಡಬೇಕು. ತವರು ಎಲ್ಲಿ, ಕೊಟ್ಟ ಮನೆ ಎಲ್ಲಿ ಎಂದು ಹೆಣ್ಣುಮಕ್ಕಳು ಎರಡೆರಡು ಹಣತೆ ಇಡತೊಡಗಿದರೆ ರಾಜ್ಯದ ಗಡಿಯ ಗೆರೆ ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ. 1956ರ ನವೆಂಬರ್ 1ರವರೆಗೆ ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲಿಯೇ ಇದ್ದವು, ಕೊಡಂಗಲ್ ಗುಲಬರ್ಗಾ ಜಿಲ್ಲೆಯಲ್ಲಿತ್ತು. ಇದನ್ನು ನಕಾಶೆಯ ಪಕ್ಕದಲ್ಲಿ ಎರಡು ಸಾಲಿನಲ್ಲಿ ಬರೆದಿಟ್ಟರೆ ಸಾಕು. ಅಜ್ಜಂದಿರು ಉಳಿದದ್ದನ್ನು ಹೇಳುತ್ತಾರೆ. ನಕಾಶೆಯನ್ನು ನಡೆದಾಡುವ ದಾರಿಯಿಂದ ಆಚೆಗೆ, ಹಗ್ಗ ಕಟ್ಟಿದ ಜಾಗದಲ್ಲಿ ಬಿಡಿಸಬೇಕು. ಇಲ್ಲವಾದರೆ ಮುಖ್ಯ ಅತಿಥಿಗಳ ಪರಿವಾರವು ಮೂರೂ ನದಿಗಳನ್ನು ಒಂದೇ ಹೆಜ್ಜೆಯಲ್ಲಿ ದಾಟಿಬಿಡುತ್ತದೆ.

ಹೂವಿನ ವಿಷಯದಲ್ಲಿ ಋತುವನ್ನು ನೋಡಿ ನಡೆಯಬೇಕು. ಬತುಕಮ್ಮ ಹಬ್ಬದ ಕಾಲದಲ್ಲಿ ತಂಗಡಿ, ಗುನುಗು ಹೂಗಳು ಹೊಲದ ಬದುಗಳಲ್ಲಿ ಯಥೇಚ್ಛವಾಗಿ ಸಿಗುತ್ತವೆ. ತಟ್ಟೆಯ ಮೇಲೆ ಕುಂಬಳದ ಎಲೆ ಹಾಸಿ, ತೊಟ್ಟುಗಳನ್ನು ಒಳಗೆ ಮಾಡಿ ಸುತ್ತು ಸುತ್ತಾಗಿ ಹೂ ಜೋಡಿಸುತ್ತ, ನಡುವಿನ ಪೊಳ್ಳನ್ನು ಸೊಪ್ಪಿನಿಂದ ತುಂಬುತ್ತ ಮೇಲೇರಿಸುವ ಆ ರಚನೆಗೆ ತಂತಿಯೂ ಬೇಡ, ಅಂಟೂ ಬೇಡ. ಕರ್ನಾಟಕ ರಾಜ್ಯೋತ್ಸವದ ಹೊತ್ತಿಗೂ ಈ ಹೂಗಳು ಕೆಲವೆಡೆ ಉಳಿದಿರುತ್ತವೆ. ಗುನುಗು ಒಣಗಿದರೂ ಆಕಾರ ಕೆಡುವುದಿಲ್ಲ. ಬಣ್ಣದಲ್ಲಿ ಅದ್ದಿ ಒಣಗಿಸಿ ಇಟ್ಟರೆ ಫೆಬ್ರವರಿಯ ಸಮ್ಮೇಳನಕ್ಕೂ ಒದಗುತ್ತದೆ. ಆಗ ಅದರ ಜೊತೆಗೆ ಜೋಳದ ತೆನೆ, ತೊಗರಿಯ ಕಡ್ಡಿ, ಬಿರಿದ ಹತ್ತಿಯ ಕಾಯಿಗಳ ಗೊಂಚಲು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಸ್ವಾತಂತ್ರ್ಯೋತ್ಸವಕ್ಕೂ ಗಣರಾಜ್ಯೋತ್ಸವಕ್ಕೂ ನಡೆಯುವ ಫಲಪುಷ್ಪ ಪ್ರದರ್ಶನವನ್ನು ಕಂಡುಬಂದವರು ಅಂಥದನ್ನೇ ಇಲ್ಲಿ ಮಾಡಹೊರಡುವುದುಂಟು. ಅದು ವ್ಯರ್ಥ ಸಾಹಸ. ಬಿಸಿಲಿನ ಈ ಸೀಮೆಯಲ್ಲಿ ಗುಲಾಬಿಯ ಗೋಪುರ ಮಧ್ಯಾಹ್ನಕ್ಕೇ ಬಾಡಿ ನಿಲ್ಲುತ್ತದೆ.

ಸೆಲ್ಫಿ ಚೌಕಟ್ಟು ಬೇಡವೆಂದು ಹಟ ಹಿಡಿಯಬೇಕಾಗಿಲ್ಲ. ಹರೆಯದವರು ಅದಿಲ್ಲದೆ ಬಿಡುವುದೂ ಇಲ್ಲ. ಚೌಕಟ್ಟಿನ ಮುಂದೆ ನಿಲ್ಲುವವರು ಒಂದು ಒಗಟು ಬಿಡಿಸಬೇಕು ಅಥವಾ ಒಂದು ಗಾದೆ ಹೇಳಬೇಕು ಎಂಬ ನಿಯಮವಿದ್ದರೆ ಸಾಲು ನಗೆಯಿಂದ ಸಾಗುತ್ತದೆ. ತಾಯಂದಿರಿಗೆ ಒಡಪಿನ ಕಟ್ಟೆ ಇರಲಿ. ಗಂಡನ ಹೆಸರನ್ನು ಪ್ರಾಸದಲ್ಲಿ ಹುದುಗಿಸಿ ಹೇಳುವ ಒಡಪುಗಳು ಮದುವೆಯ ಮನೆಗಳಲ್ಲಿಯೂ ಅಪರೂಪವಾಗುತ್ತಿವೆ. ಹೇಳಿದ್ದನ್ನೆಲ್ಲ ಪಕ್ಕದಲ್ಲಿ ಕುಳಿತ ಏಳನೆಯ ತರಗತಿಯ ಮಕ್ಕಳು ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡರೆ ನಾಲ್ಕು ವರ್ಷಗಳಲ್ಲಿ ಶಾಲೆಯ ಗ್ರಂಥಾಲಯಕ್ಕೆ ಬೇರೆಲ್ಲೂ ದೊರೆಯದ ಪುಸ್ತಕವೊಂದು ಸೇರುತ್ತದೆ.

ಖರ್ಚಿನ ಲೆಕ್ಕ ಸರಳ. ಫ್ಲೆಕ್ಸಿಗೆ, ಬಲೂನಿಗೆ ಕೊಡುವ ಹಣ ಮರುದಿನ ಕಸದ ಗುಂಡಿಗೆ ಸೇರುತ್ತದೆ. ಅದೇ ಹಣದಲ್ಲಿ ಅತಿಥಿಗಳಿಗೆ ಹೊದಿಸಲು ಊರಿನ ಮಗ್ಗದ ವಸ್ತ್ರವನ್ನು ಕೊಳ್ಳಬಹುದು. ಹಾಗೆ ಕೊಟ್ಟ ಹಣದ ಒಂದಿಷ್ಟು ಪಾಲು ತಿರುಗಿ ಶಾಲೆಯ ಮಕ್ಕಳ ಮನೆಗೇ ಬರುತ್ತದೆ. ಹೆಚ್ಚು ಬೇಕಾಗುವುದು ಸಮಯ. ಕೌದಿಗೆ ಒಂದು ತಿಂಗಳು, ಅಕ್ಷರದ ಚೀಟಿಗಳಿಗೆ ಒಂದು ವಾರ, ರಂಗೋಲಿಗೆ ಹಿಂದಿನ ರಾತ್ರಿ. ಪರೀಕ್ಷೆಗಳು ಹತ್ತಿರವಿರುವಾಗ ಶಿಕ್ಷಕರ ಮೇಲೆ ಇದು ಹೊರೆಯಾದೀತೆಂಬ ಆಕ್ಷೇಪಣೆಯಲ್ಲಿ ಸತ್ಯವಿದೆ. ಆದ್ದರಿಂದ ಎಲ್ಲವನ್ನೂ ಒಂದೇ ವರ್ಷ ಮಾಡಹೋಗಬಾರದು. ಎರಡು ಮೂಲೆಗಳನ್ನು ಆರಿಸಿಕೊಂಡು, ಒಂದನ್ನು ಪಾಲಕರಿಗೂ ಇನ್ನೊಂದನ್ನು ಹಳೆಯ ವಿದ್ಯಾರ್ಥಿಗಳಿಗೂ ವಹಿಸಿದರೆ ಕೆಲಸ ಸಾಗುತ್ತದೆ.

ಮೂಲೆಗಳನ್ನು ತೆರೆಯುವ ಹೊತ್ತೂ ಮುಖ್ಯ. ಕಾರ್ಯಕ್ರಮ ಮುಗಿದ ಮೇಲೆ ಎಲ್ಲರಿಗೂ ಮನೆಯ ಅವಸರ. ಅತಿಥಿಗಳು ಹೇಳಿದ ವೇಳೆಗೆ ಬರುವುದಿಲ್ಲ ಎಂಬುದು ಅನುಭವದ ಮಾತಾದ್ದರಿಂದ, ಸಭೆಗಿಂತ ಒಂದೂವರೆ ಗಂಟೆ ಮೊದಲೇ ಇವು ನಡೆಯತೊಡಗಬೇಕು. ಕಾಯುವ ಬೇಸರವೇ ಆಟದ ಹೊತ್ತಾಗುತ್ತದೆ. ನಡೆಯಲಾರದ ಹಿರಿಯರಿಗೆ ಪ್ರತಿ ಮೂಲೆಯಲ್ಲಿ ಎರಡು ಕುರ್ಚಿ, ಒಂದು ಕೊಡ ನೀರು ಇರಬೇಕು.

ಮರುದಿನದ ಕೆಲಸವನ್ನೂ ಮೊದಲೇ ಹಂಚಿಕೊಂಡಿರಬೇಕು. ಹೂಗಳು ಗೊಬ್ಬರದ ತಿಪ್ಪೆಗೆ, ಜೋಳ ಹಕ್ಕಿಗಳಿಗೆ. ಹೆಸರುಗಳನ್ನು ಹೊತ್ತ ಕಾಗದದ ನೇಯ್ಗೆ ಮುಖ್ಯೋಪಾಧ್ಯಾಯರ ಕೋಣೆಯ ಗೋಡೆಗೆ. ಕೌದಿಯ ತುಂಡುಗಳನ್ನು ಕೊಡವಿ, ಬಿಸಿಲಿಗೆ ಹಾಕಿ, ಒಂದನೆಯ ತರಗತಿಯ ನೆಲಕ್ಕೆ ಹಾಸಿದರೆ ಜೂನಿನಲ್ಲಿ ಹೊಸದಾಗಿ ಬರುವ ಮಗು ಮೊದಲ ದಿನ ಕುಳಿತುಕೊಳ್ಳುವುದು ತನ್ನ ಅಜ್ಜಿಯ ಸೀರೆಯ ಮೇಲೆ.