ತೋಟದ ಮನೆಯ ನಾಯಿಗೊಂದು ಭದ್ರ ಅಂಗಳ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಅನೇಕ ಸದ್ಭಕ್ತರು ಊರೊಳಗಿನ ಮನೆಯನ್ನು ಬಿಟ್ಟು ತೋಟದಲ್ಲಿಯೇ ವಾಸವಾಗಿದ್ದಾರೆ. ಸುತ್ತಲೂ ಆಳೆತ್ತರದ ಕಬ್ಬು ನಿಂತಿರುವ ಇಂತಹ ಮನೆಗಳಲ್ಲಿ ನಾಯಿಯಿಲ್ಲದ ಮನೆ ವಿರಳ. ಹಗಲು ಅದನ್ನು ಗೂಟಕ್ಕೆ ಕಟ್ಟುವುದು, ರಾತ್ರಿ ಕಾವಲಿಗೆಂದು ಬಿಟ್ಟುಬಿಡುವುದು ವಾಡಿಕೆ. ಈ ವಾಡಿಕೆ ನಾಯಿಗೂ ಒಳ್ಳೆಯದಲ್ಲ, ಮನೆಯವರ ಆರೋಗ್ಯಕ್ಕೂ ಒಳ್ಳೆಯದಲ್ಲ.

ಆರೋಗ್ಯದ ಪುಟದಲ್ಲಿ ಬೇಲಿಯ ಮಾತೇಕೆ ಎಂದು ಓದುಗರು ಕೇಳಬಹುದು. ರಾತ್ರಿ ಅಲೆಯಲು ಹೋದ ನಾಯಿ ಕಬ್ಬಿನೊಳಗೆ ಮತ್ತೊಂದು ನಾಯಿಯೊಡನೆ ಕಚ್ಚಾಡಿ ಬಂದರೆ, ಕೂದಲಿನಡಿಯ ಗಾಯ ಯಾರ ಕಣ್ಣಿಗೂ ಬೀಳದು. ಕಚ್ಚಿದ ನಾಯಿಗೆ ಹುಚ್ಚುರೋಗವಿದ್ದರೆ, ನಮ್ಮ ನಾಯಿಯಲ್ಲಿ ಅದರ ಲಕ್ಷಣ ಕಾಣಿಸಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಮನುಷ್ಯನಲ್ಲಿ ಈ ರೋಗದ ಲಕ್ಷಣ ಒಮ್ಮೆ ತೋರಿತೆಂದರೆ ಬದುಕುವುದು ಅಸಾಧ್ಯವೆಂದೇ ಹೇಳಬೇಕು. ರಾತ್ರಿಯೂ ಬೇಲಿಯೊಳಗಿರುವ ನಾಯಿ ಮನೆಯ ಸುಳಿವನ್ನು ಬೊಗಳಿ ತಿಳಿಸುತ್ತದೆ. ಹುಚ್ಚುನಾಯಿಯ ಬಾಯಿಗೆ ಮಾತ್ರ ಸಿಗುವುದಿಲ್ಲ.

ಬೇಲಿಯಿಂದ ಇನ್ನೊಂದು ಪ್ರಯೋಜನವುಂಟು. ನಾಯಿ ಯಾರನ್ನಾದರೂ ಕಚ್ಚಿದರೆ ಅದನ್ನು ಹತ್ತು ದಿನಗಳ ಕಾಲ ಗಮನಿಸಿರಿ ಎಂದು ವೈದ್ಯರು ಹೇಳುತ್ತಾರೆ. ಅಷ್ಟು ದಿನ ಅದು ಆರೋಗ್ಯವಾಗಿದ್ದರೆ, ಕಚ್ಚಿದ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ರೋಗಾಣು ಇರಲಿಲ್ಲವೆಂದು ತಿಳಿಯಬಹುದು. ಊರೆಲ್ಲ ಸುತ್ತುವ ನಾಯಿಯನ್ನು ಹೀಗೆ ಗಮನಿಸುವುದು ಆಗದ ಮಾತು.

ಹಾಗಾದರೆ ಸರಪಳಿ ಸಾಲದೇ? ಸದಾ ಕಟ್ಟಿಹಾಕಿದ ನಾಯಿಗೆ ದೂರ ಸರಿಯುವ ದಾರಿಯಿಲ್ಲ. ಅಂಜಿದಾಗ ಅದಕ್ಕೆ ಉಳಿಯುವ ಉಪಾಯ ಕಚ್ಚುವುದೊಂದೇ. ಕಬ್ಬು ಕಡಿಯುವ ಹಂಗಾಮಿನಲ್ಲಿ ದೂರದಿಂದ ಬಂದ ಗ್ಯಾಂಗಿನವರು ನಮ್ಮ ಹೊಲಗಳಂಚಿನಲ್ಲಿಯೇ ಗುಡಿಸಲು ಹಾಕುತ್ತಾರೆ. ಅವರ ಮಕ್ಕಳಿಗೆ ಯಾವ ಮನೆಯ ನಾಯಿ ಎಂಥದೆಂದು ತಿಳಿಯದು. ನೀರಿಗೆಂದು ಅಂಗಳಕ್ಕೆ ಬರುತ್ತವೆ. ಆ ಮಕ್ಕಳ ಎತ್ತರಕ್ಕೆ ನಾಯಿಯ ಬಾಯಿ ತಾಗುವುದು ಮುಖ ಕುತ್ತಿಗೆಗಳಿಗೆ. ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಬಹುಹೊತ್ತು ಕಟ್ಟುವುದು, ಸದಾ ಕಟ್ಟಿದ ನಾಯಿಯನ್ನು ಓಡಾಡಿಸದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಂತೆ ಅಪರಾಧ. ಸಾಕಿದ ಪ್ರಾಣಿಯಿಂದ ಮನುಷ್ಯನಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಡಿ ಆರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಇನ್ನು ಬೇಲಿಯ ಆಯ್ಕೆ. ಹೊಲಕ್ಕೆ ಹಾಕುವ ಮುಳ್ಳುತಂತಿ ದನಗಳನ್ನು ತಡೆದೀತು, ನಾಯಿಯನ್ನು ತಡೆಯದು. ಎಳೆಗಳ ನಡುವೆ ನುಸುಳುವಾಗ ಬೆನ್ನಿನ ಚರ್ಮವೂ ಹರಿಯುತ್ತದೆ. ಜಾಲಿಮುಳ್ಳಿನ ಬೇಲಿ ಒಂದು ಮಳೆಗಾಲಕ್ಕೆ ಕೊಳೆತು ಕಂಡಿ ಬೀಳುತ್ತದೆ. ಕಂಬಗಳಿಗೆ ಬಿಗಿದ ಚೈನ್‌ಲಿಂಕ್ ತಂತಿಬಲೆಯೇ ಉತ್ತಮವೆಂದು ನಮ್ಮ ಅಭಿಪ್ರಾಯ. ಕಣ್ಣು ಎರಡು ಅಂಗುಲವನ್ನು ಮೀರದಿರಲಿ. ಕೊಳ್ಳುವಾಗ ಗೇಜು ಕೇಳಿರಿ. ಅಂಕಿ ಚಿಕ್ಕದಾದಷ್ಟೂ ತಂತಿ ದಪ್ಪವೆಂಬುದು ಹಲವರಿಗೆ ತಿಳಿದಿರುವುದಿಲ್ಲ. 12ಕ್ಕಿಂತ 10 ಗೇಜು ಗಟ್ಟಿ.

ಎತ್ತರ ಆರು ಅಡಿಯಿದ್ದರೆ ಸಾಮಾನ್ಯ ನಾಯಿಗಳಿಗೆ ಸಾಕು. ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿ ನಮ್ಮಲ್ಲಿಯೂ ಅನೇಕರ ಬಳಿಯಿದೆ. ಅದು ಕಣ್ಣಿನಿಂದ ಬೇಟೆಯನ್ನು ಹಿಡಿಯುವ ಜಾತಿ. ದೂರದಲ್ಲಿ ಮೊಲ ಅಲುಗಾಡಿದರೂ ಕೂಗಿಗೆ ಕಿವಿಗೊಡದೆ ಜಿಗಿದು ಓಡುತ್ತದೆ. ಅದಕ್ಕೆ ಆರಡಿಯ ಮೇಲೆ ಒಳಮುಖವಾಗಿ ಬಾಗಿಸಿದ ಒಂದಡಿ ಬಲೆ ಬೇಕು. ಬೇಲಿಯ ಬದಿಗೆ ಕಟ್ಟಿಗೆಯ ರಾಶಿ, ತಿಪ್ಪೆ, ಕಲ್ಲುಗುಂಪು ಇದ್ದರೆ ಅದೇ ಅದಕ್ಕೆ ಮೆಟ್ಟಿಲಾಗುತ್ತದೆ.

ಜಿಗಿಯದ ನಾಯಿ ಕೆದರುತ್ತದೆ. ಆದ್ದರಿಂದ ಬಲೆಯನ್ನು ನೆಲದ ಮಟ್ಟಕ್ಕೆ ನಿಲ್ಲಿಸದೆ, ಇನ್ನೊಂದೂವರೆ ಅಡಿಯಷ್ಟನ್ನು ಒಳಗಡೆಗೆ ಮಡಚಿ ಮಲಗಿಸಿ, ಮೇಲೆ ಮಣ್ಣು ಕಲ್ಲು ಹಾಕಿ ಮುಚ್ಚಬೇಕು. ನಾಯಿ ಕೆದರುವುದು ಬೇಲಿಯ ಬುಡದಲ್ಲಿಯೇ. ಅಲ್ಲಿ ಉಗುರಿಗೆ ತಂತಿ ತಗುಲಿದರೆ ಬಿಟ್ಟುಬಿಡುತ್ತದೆ. ನದಿಯ ಪಾತ್ರದ ಎರೆಭೂಮಿಯಲ್ಲಿ ಮತ್ತೊಂದು ತೊಡಕಿದೆ. ಆ ಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಯಲ್ಲಿ ಉಬ್ಬುತ್ತದೆ, ಕಂಬಗಳು ವಾಲುತ್ತವೆ, ಬುಡದಲ್ಲಿ ಸಂದಿ ಬೀಳುತ್ತದೆ. ಮೂಲೆಯ ಕಂಬಗಳನ್ನಾದರೂ ಆಳವಾಗಿ ಕಾಂಕ್ರೀಟಿನಲ್ಲಿ ನಿಲ್ಲಿಸಿ, ಮೊದಲ ಮಳೆಯಾದ ಮೇಲೆ ಒಮ್ಮೆ ಸುತ್ತು ಹಾಕಿ ನೋಡಿರಿ. ಬೇಲಿಗೆ ನೇರ ವಿದ್ಯುತ್ ಹಾಯಿಸುವ ಯೋಚನೆಯನ್ನು ಯಾರೂ ಮಾಡಬಾರದು. ಅದು ಅಪರಾಧ, ಸಾಯುವುದು ಮನೆಯ ಮಗುವೂ ಆಗಬಹುದು.

ನಾಯಿ ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಬಾಗಿಲಿನಿಂದಲೇ. ಅದು ಒಳಮುಖವಾಗಿ ತೆರೆಯಲಿ. ನಾಯಿ ನೂಕಿದಷ್ಟೂ ಬಿಗಿಯುತ್ತದೆ. ಚಿಲಕ ಮಕ್ಕಳ ಕೈಗೆ ಎಟುಕದಷ್ಟು ಮೇಲಿರಲಿ.

ಒಳಗಡೆ ಓಡಲು ಇಪ್ಪತ್ತಡಿ ಉದ್ದ, ಹತ್ತಡಿ ಅಗಲವಾದರೂ ಬೇಕು. ತಗಡಿನ ಚಪ್ಪರದಡಿ ಅಥಣಿಯ ಬೇಸಿಗೆಯನ್ನು ಕಳೆಯುವುದು ಕಷ್ಟ. ಬೇವಿನ ನೆರಳು ಅಥವಾ ಕಬ್ಬಿನ ರವದಿ ಹೊದಿಸಿದ ಚಪ್ಪರ ಲೇಸು. ಮಲವನ್ನು ದಿನವೂ ತೆಗೆದು ಹೂಳಬೇಕು. ಅದರಲ್ಲಿನ ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮವನ್ನು ಹೊಗುತ್ತವೆ.

2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ಪ್ರವಾಹವನ್ನು ಕೃಷ್ಣಾ, ದೂಧಗಂಗಾ, ವೇದಗಂಗಾ ತೀರದವರು ಮರೆತಿರಲಾರರು. ಕಟ್ಟಿದ ಅಥವಾ ಕೂಡಿದ ಪ್ರಾಣಿಗೆ ಈಜು ಬಂದರೂ ಪ್ರಯೋಜನವಿಲ್ಲ. ಅಂಗಳವನ್ನು ತೋಟದ ಎತ್ತರದ ಭಾಗದಲ್ಲಿ ಮಾಡಿರಿ. ಬಾಗಿಲಿಗೆ ಬೀಗ ಹಾಕುವುದಾದರೆ ಕೀಲಿ ಎಲ್ಲಿದೆಯೆಂದು ಮನೆಯ ಎಲ್ಲರಿಗೂ ಗೊತ್ತಿರಲಿ. ನೀರೇರುವ ಸುದ್ದಿ ಬಂದ ಕೂಡಲೇ ಜೊತೆಗೆ ಕರೆದೊಯ್ಯಿರಿ. ಆಗದಿದ್ದರೆ ಬಾಗಿಲು ತೆರೆದಿಡಿರಿ.

ಬೇಲಿ ಎಷ್ಟೇ ಭದ್ರವಾಗಿದ್ದರೂ ಲಸಿಕೆ ತಪ್ಪಿಸಬಾರದು. ಮರಿಗೆ ಮೂರು ತಿಂಗಳಾದಾಗ ಮೊದಲನೆಯದು, ಮುಂದೆ ಪಶುವೈದ್ಯರು ಹೇಳಿದಂತೆ ವರ್ಷಕ್ಕೊಮ್ಮೆ. ಅಷ್ಟಾದರೂ ನಾಯಿ ಕಚ್ಚಿದರೆ, ಪರಚಿದರೆ, ಗಾಯವನ್ನು ನೆಕ್ಕಿದರೆ ಹರಿಯುವ ನೀರು ಮತ್ತು ಸಾಬೂನಿನಿಂದ ಪೂರ್ಣ ಹದಿನೈದು ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಖಾರದ ಪುಡಿ ಯಾವುದನ್ನೂ ಹಚ್ಚಬೇಡಿರಿ. ಹತ್ತು ದಿನ ಕಾಯೋಣವೆನ್ನದೆ ಅಂದೇ ಸರಕಾರಿ ಆಸ್ಪತ್ರೆಗೆ ಹೋಗಿ ಮೊದಲ ಚುಚ್ಚುಮದ್ದು ಹಾಕಿಸಿಕೊಳ್ಳಿರಿ. ಗಾಯ ಆಳವಾಗಿದ್ದರೆ ಅದರ ಸುತ್ತ ಕೊಡುವ ಸೀರಮ್ ಬಗ್ಗೆಯೂ ವೈದ್ಯರನ್ನು ಕೇಳಿರಿ.